ಬಿಟ್ಟು ಹೋದ ಮೈಯನ್ನು ಕಾಯುವವರು ಯಾರು?

(ಕಲಬುರಗಿಯಲ್ಲಿ ನಡೆದ ಬೇಸಿಗೆ ರಂಗ ಶಿಬಿರವೊಂದರ ಕೊನೆಯ ಸಂಜೆ, ಶಿಬಿರದ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ಶರಣು.

ಇಷ್ಟು ಬಿಸಿಲಿನಲ್ಲೂ ಬಂದಿದ್ದೀರಿ. ಫ್ಯಾನು ತಿರುಗುತ್ತಿವೆ, ಆದರೆ ಬರುವ ಗಾಳಿಯೂ ಬಿಸಿ. ಹಾಗಾಗಿ ಸುತ್ತು ಹೊಡೆಯದೆ ವಿಷಯಕ್ಕೆ ಬರುತ್ತೇನೆ.

ನಿನ್ನೆ ರಾತ್ರಿ ನಾಟಕ ಮುಗಿದ ಮೇಲೆ ಒಬ್ಬ ತಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಸರ್, ನಮ್ಮ ಹುಡುಗ ಪರಕಾಯ ಪ್ರವೇಶಾನೇ ಮಾಡ್ಯಾನಲ್ರೀ" ಅಂದರು. ಅವರ ಕಣ್ಣು ತುಂಬಿತ್ತು. ನಾಟಕದ ವಿಮರ್ಶೆ ಬರೆಯುವವರೂ ಇದೇ ಮಾತು ಬಳಸುತ್ತಾರೆ. ನಟನಿಗೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ಈ ಪದದ ಹಿಂದೆ ಒಂದು ಕಥೆ ಇದೆ. ಅದನ್ನು ಪೂರ್ತಿ ನೆನಪು ಮಾಡಿಕೊಂಡರೆ ಸ್ವಲ್ಪ ಭಯವಾಗುತ್ತದೆ.

ಶಂಕರಾಚಾರ್ಯರ ಕಥೆ. ಮಂಡನ ಮಿಶ್ರರನ್ನು ವಾದದಲ್ಲಿ ಗೆದ್ದಾಗ, ಅವರ ಹೆಂಡತಿ ಉಭಯ ಭಾರತಿ ಎದುರಿಗೆ ಕೂತು ಸಂಸಾರದ ಪ್ರಶ್ನೆ ಕೇಳುತ್ತಾಳೆ. ಸನ್ಯಾಸಿಗೆ ಆ ಅನುಭವ ಎಲ್ಲಿಂದ ಬರಬೇಕು? ಶಂಕರರು ಸಮಯ ಕೇಳಿ, ಆಗಷ್ಟೇ ತೀರಿಕೊಂಡಿದ್ದ ಅಮರುಕ ಎಂಬ ರಾಜನ ದೇಹವನ್ನು ಹೊಗುತ್ತಾರೆ. ತಮ್ಮ ದೇಹವನ್ನು ಗುಹೆಯಲ್ಲಿ ಮಲಗಿಸಿ ಶಿಷ್ಯರನ್ನು ಕಾವಲಿಗೆ ಕೂರಿಸುತ್ತಾರೆ. ರಾಜನಾಗಿ ಬದುಕುತ್ತಾ ಬದುಕುತ್ತಾ ತಾವು ಯಾರು ಅನ್ನುವುದೇ ಮರೆತುಹೋಗುತ್ತದೆ. ಅತ್ತ ಮಂತ್ರಿಗಳಿಗೆ ಅನುಮಾನ. ರಾಜ ಮೊದಲಿಗಿಂತ ಚೆನ್ನಾಗಿ ಆಳುತ್ತಿದ್ದಾನೆ, ಯಾರೋ ಯೋಗಿ ಒಳಗೆ ಬಂದಿದ್ದಾನೆ, ಇವನು ವಾಪಸ್ ಹೋಗಬಾರದು. ರಾಜ್ಯದಲ್ಲಿ ಎಲ್ಲೇ ಹೆಣ ಕಂಡರೂ ಸುಟ್ಟುಬಿಡಿ ಎಂದು ಅಪ್ಪಣೆ ಕೊಡುತ್ತಾರೆ. ಆಗ ಶಿಷ್ಯರು ಹಾಡುಗಾರರ ವೇಷದಲ್ಲಿ ಅರಮನೆಗೆ ಹೋಗಿ, ಹಾಡಿ, ಗುರುವಿಗೆ ನೆನಪು ತರಿಸುತ್ತಾರೆ.

ನಾವು ಪರಕಾಯ ಪ್ರವೇಶ ಅನ್ನುವ ಪದವನ್ನು ಉಳಿಸಿಕೊಂಡಿದ್ದೇವೆ. ಗುಹೆಯ ಬಾಗಿಲಲ್ಲಿ ಕೂತವರನ್ನು ಮರೆತಿದ್ದೇವೆ. ಸುಡಲು ಹೊರಟವರನ್ನೂ ಮರೆತಿದ್ದೇವೆ. ಇವತ್ತು ಇವರಿಬ್ಬರ ಬಗ್ಗೆ ಮಾತಾಡಬೇಕು ಅಂತ ನನ್ನಾಸೆ. ಅದಕ್ಕೆ ದೂರದ ಒಬ್ಬ ಹಾಸ್ಯನಟನ ಬದುಕನ್ನು ಇಟ್ಟುಕೊಳ್ಳುತ್ತೇನೆ, ಜಿಮ್ ಕ್ಯಾರಿ. ನಿಮ್ಮಲ್ಲಿ ಬಹಳ ಜನ ಟೀವಿಯಲ್ಲಿ ನೋಡಿರುತ್ತೀರಿ. ಮುಖವನ್ನು ರಬ್ಬರಿನ ಹಾಗೆ ಎಳೆದಾಡುವ ಮನುಷ್ಯ.

ಅವರು ಹುಟ್ಟಿದ್ದು 1962ರ ಜನವರಿ 17, ಕೆನಡಾದಲ್ಲಿ. ತಂದೆ ಒಳ್ಳೆ ಸಂಗೀತಗಾರ, ಮನೆ ತುಂಬ ನಗಿಸುತ್ತಿದ್ದವರು. ಸಂಸಾರ ನಡೆಯಬೇಕಲ್ಲ, ಅದಕ್ಕೆ ಲೆಕ್ಕ ಬರೆಯುವ ಕೆಲಸ ಹಿಡಿದರು. ಮಗನಿಗೆ 12 ವರ್ಷ ಇದ್ದಾಗ ಆ ಕೆಲಸವೂ ಹೋಯಿತು. ಮನೆಮಂದಿಯೆಲ್ಲ ಕಾರ್ಖಾನೆಯಲ್ಲಿ ದುಡಿದರು. ಕೆಲವು ಕಾಲ ಒಂದು ವ್ಯಾನಿನಲ್ಲೇ ವಾಸ. ತಾಯಿಗೆ ಯಾವಾಗಲೂ ಮೈ ಸರಿ ಇರುತ್ತಿರಲಿಲ್ಲ. ಆ ತಾಯಿಯನ್ನು ನಗಿಸುವುದೇ ಈ ಹುಡುಗ ತಾನಾಗಿ ವಹಿಸಿಕೊಂಡ ಕೆಲಸ. ರಾತ್ರಿ ಮಲಗುವಾಗ ಟ್ಯಾಪ್ ಡ್ಯಾನ್ಸಿನ ಬೂಟು ಹಾಕಿಕೊಂಡೇ ಮಲಗುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಡುರಾತ್ರಿ ಅಪ್ಪ ಅಮ್ಮನಿಗೆ ಬೇಜಾರಾದರೆ ಎದ್ದು ಕುಣಿಯಬೇಕಲ್ಲ, ಅದಕ್ಕೆ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬೂಟು ಬಿಚ್ಚದೆ ಮಲಗಿದ ಮಗು. ಮುಂದೆ ಕೋಟಿಗಟ್ಟಲೆ ಜನ ನೋಡಿದ್ದು ಈ ಮಗುವನ್ನೇ ಅಂತ ನನಗೆ ಅನಿಸುತ್ತದೆ.

1994 ಒಂದೇ ವರ್ಷದಲ್ಲಿ ಅವರ ಮೂರು ಸಿನಿಮಾ ಗೆದ್ದವು. ಎರಡು ವರ್ಷದಲ್ಲಿ ಒಂದು ಚಿತ್ರಕ್ಕೆ 2 ಕೋಟಿ ಡಾಲರ್ ತೆಗೆದುಕೊಳ್ಳುವ ನಟನಾದರು. ಕೈ ಖಾಲಿ ಇದ್ದ ದಿನಗಳಲ್ಲಿ ತಮಗೆ ತಾವೇ 1 ಕೋಟಿ ಡಾಲರಿನ ಚೆಕ್ ಬರೆದು ಪಾಕೀಟಿನಲ್ಲಿ ಇಟ್ಟುಕೊಂಡಿದ್ದರಂತೆ. 1994ರಲ್ಲಿ ತಂದೆ ತೀರಿಕೊಂಡಾಗ ಅದನ್ನು ಅವರ ಶವಪೆಟ್ಟಿಗೆಯಲ್ಲಿ ಇಟ್ಟರು. ಗೆಲುವೂ ಸಾವೂ ಒಂದೇ ವರ್ಷ.

ಈಗ ನಮ್ಮ ವಿಷಯಕ್ಕೆ ಮುಖ್ಯವಾದ ಭಾಗ. 1999ರಲ್ಲಿ ತೆರೆಕಂಡ ಮ್ಯಾನ್ ಆನ್ ದ ಮೂನ್ ಎಂಬ ಚಿತ್ರದಲ್ಲಿ ಅವರು ಆಂಡಿ ಕೌಫ್‌ಮನ್ ಎಂಬ ಹಾಸ್ಯಗಾರನ ಪಾತ್ರ ಮಾಡಿದರು. ಆಂಡಿ ನಿಜವಾಗಿ ಬದುಕಿದ್ದವರು. 1984ರಲ್ಲಿ, 35ನೇ ವಯಸ್ಸಿಗೆ, ಶ್ವಾಸಕೋಶದ ಕ್ಯಾನ್ಸರಿನಿಂದ ಹೋದರು. ಇಬ್ಬರೂ ಹುಟ್ಟಿದ ದಿನ ಒಂದೇ, ಜನವರಿ 17. ಆಂಡಿಗೆ ಇನ್ನೊಂದು ಅವತಾರವಿತ್ತು. ಟೋನಿ ಕ್ಲಿಫ್ಟನ್ ಎಂಬ ಒರಟು ಹಾಡುಗಾರ. ಆ ವೇಷ ಹಾಕಿದಾಗ ನಾನು ಆಂಡಿ ಅಂತ ಒಪ್ಪುತ್ತಲೇ ಇರಲಿಲ್ಲ. ಅಂದರೆ ಕ್ಯಾರಿ ಹೊಕ್ಕಿದ್ದು ವೇಷದೊಳಗೆ ಮತ್ತೊಂದು ವೇಷ ಇದ್ದ ಮೈಯನ್ನು.

ಚಿತ್ರೀಕರಣ ನಡೆದಷ್ಟು ದಿನ ಅವರು ಪಾತ್ರ ಬಿಟ್ಟು ಹೊರಗೆ ಬರಲಿಲ್ಲ. ಕ್ಯಾಮೆರಾ ನಿಂತ ಮೇಲೂ ಆಂಡಿ, ಇಲ್ಲವೇ ಟೋನಿ. ಜಿಮ್ ಅಂತ ಕರೆದರೆ ಉತ್ತರವಿಲ್ಲ. ನಿರ್ದೇಶಕ ಮಿಲೋಶ್ ಫೋರ್ಮನ್ ಕೂಡ ಆಂಡಿಯ ಜೊತೆಗೇ ಮಾತಾಡಬೇಕು. ಆಂಡಿಯ ಮನೆಯವರು ಸೆಟ್ಟಿಗೆ ಬಂದಾಗಲೂ ಅವರ ಎದುರು ಆಂಡಿಯಾಗಿಯೇ ನಿಂತರು. ತೆರೆಹಿಂದಿನ ಇದನ್ನೆಲ್ಲ ಆಗಲೇ ಚಿತ್ರೀಕರಿಸಿದ್ದರು. ಸ್ಟುಡಿಯೋದವರು ಅದನ್ನು ಹೊರಗೆ ಬಿಡಲಿಲ್ಲ, ನಟನ ಹೆಸರು ಕೆಡುತ್ತದೆ ಅಂತ. 2017ರಲ್ಲಿ ಕ್ರಿಸ್ ಸ್ಮಿತ್ ಎಂಬ ನಿರ್ದೇಶಕರು ಅದೇ ತುಣುಕುಗಳಿಂದ ಸಾಕ್ಷ್ಯಚಿತ್ರ ಮಾಡಿದರು. ಹೀಗಾಗಿ ನಮಗೆ ಗೊತ್ತಾಯಿತು.

ಅಲ್ಲಿ ಒಂದು ಪ್ರಸಂಗ ಇದೆ. ನಟನೆ ಕಲಿಯುವವರು ಅದನ್ನು ಗಮನಿಸಬೇಕು. ಆಂಡಿ 1982ರಲ್ಲಿ ಜೆರ್ರಿ ಲಾಲರ್ ಎಂಬ ಕುಸ್ತಿಪಟುವಿನ ಜೊತೆ ಅಖಾಡಕ್ಕೆ ಇಳಿದಿದ್ದರು. ಜನ ಅದನ್ನು ನಿಜವಾದ ಹಗೆ ಅಂದುಕೊಂಡಿದ್ದರು. ಆದರೆ ಅದು ಇಬ್ಬರೂ ಸೇರಿ ಕಟ್ಟಿದ ಆಟ. ಚಿತ್ರದಲ್ಲಿ ಲಾಲರ್ ತಮ್ಮ ಪಾತ್ರವನ್ನು ತಾವೇ ಮಾಡಿದರು. ಕ್ಯಾರಿ ಸೆಟ್ಟಿನಲ್ಲಿ ಅವರನ್ನು ಬಿಡದೆ ಕೆಣಕಿದರು, ಕಾಡಿದರು. ಲಾಲರ್ ಏನು ಹೇಳಿದರು ಗೊತ್ತಾ? ನಿಜವಾದ ಆಂಡಿ ತೆರೆಯ ಹಿಂದೆ ನನ್ನನ್ನು ಬಹಳ ಗೌರವದಿಂದ ಮಾತಾಡಿಸುತ್ತಿದ್ದ ಅಂತ. ನೋಡಿ, ಇಷ್ಟು ಆಳಕ್ಕೆ ಮುಳುಗಿದ ನಟನಿಗೂ ಆ ಮನುಷ್ಯನ ಸೌಜನ್ಯ ಕೈಗೆ ಸಿಗಲಿಲ್ಲ. ಪಾತ್ರದಲ್ಲಿ ಮುಳುಗಿದರೆ ಸತ್ಯ ತಾನಾಗಿ ಸಿಗುತ್ತದೆ ಅಂತ ನಂಬುವವರಿಗೆ ನಾನು ಇದನ್ನು ಹೇಳುತ್ತೇನೆ. ಜೊತೆಗೆ ಕೆಲಸ ಮಾಡುವವರನ್ನು ನೋಯಿಸುವ ಹಕ್ಕು ಯಾವ ಪಾತ್ರವೂ ಕೊಡುವುದಿಲ್ಲ. ಅಭಿನಯ ಅದ್ಭುತವಾಗಿತ್ತು, ಗೋಲ್ಡನ್ ಗ್ಲೋಬ್ ಬಂತು. ಆದರೂ ನನ್ನ ಅಭಿಪ್ರಾಯ ಇದೇ.

ಇನ್ನೊಂದು ಪ್ರಸಂಗ. ಒಂದು ರಾತ್ರಿ ನಿರ್ದೇಶಕರು ಸಾಕಾಗಿ ಫೋನ್ ಮಾಡಿದರು. ಕ್ಯಾರಿ ತಮ್ಮ ದನಿಯಲ್ಲೇ ಮಾತಾಡಿದರು. ಬೇಕಾದರೆ ಆಂಡಿ, ಟೋನಿ ಇಬ್ಬರನ್ನೂ ಕೆಲಸದಿಂದ ತೆಗೆದುಬಿಡೋಣ, ನಾನು ಅವರ ಅನುಕರಣೆ ಮಾಡುತ್ತೇನೆ ಅಂದರು. ಫೋರ್ಮನ್ ಬೇಡ ಅಂದರು. ಅವರಿಗೆ ಜಿಮ್ ಜೊತೆ ಒಮ್ಮೆ ಮಾತಾಡಬೇಕಿತ್ತು, ಅಷ್ಟೇ.

ನನಗೆ ಈ ಫೋನ್ ಕರೆ ಅಂದರೆ ಅರಮನೆಗೆ ಬಂದ ಶಿಷ್ಯರ ಹಾಡು. ಒಳಗೆ ಇದ್ದೀಯೇನಪ್ಪಾ ಅಂತ ಯಾರೋ ಕೂಗಿ ನೋಡಿದರು.

ಹೀಗೆ ಪಾತ್ರದೊಳಗೆ ಮುಳುಗುವ ಪದ್ಧತಿ ಎಲ್ಲಿಂದ ಬಂತು ಅನ್ನುವುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಶಿಬಿರದಲ್ಲಿ ನೀವು ಓದಿದ್ದೀರಿ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರು ರಷ್ಯದ ನಟ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ. ನಟ ತನ್ನ ಹಳೆಯ ನೋವು ನಲಿವುಗಳ ನೆನಪು ಕೆದಕಿ ಪಾತ್ರಕ್ಕೆ ಜೀವ ತುಂಬಬೇಕು ಅನ್ನುವುದು ಅವರ ಮೊದಲ ದಿನಗಳ ದಾರಿ. ಅಮೆರಿಕದಲ್ಲಿ ನಟನೆ ಕಲಿಸುತ್ತಿದ್ದ ಲೀ ಸ್ಟ್ರಾಸ್‌ಬರ್ಗ್ ಅದನ್ನೇ ಹಿಡಿದು ಬೆಳೆಸಿದರು. ಅದೇ ಮೆಥಡ್. ಆದರೆ ಸ್ಟಾನಿಸ್ಲಾವ್‌ಸ್ಕಿ ತಾವೇ ಮುಂದೆ ದೈಹಿಕ ಕ್ರಿಯೆಯ ಕಡೆಗೆ ಹೊರಳಿದರು. ಅವರ ಬಳಿ ಕಲಿತ ಮೈಕೆಲ್ ಚೆಕಾಫ್ ಒಮ್ಮೆ ಮಾನಸಿಕವಾಗಿ ಕುಸಿದು ಎದ್ದವರು. ಸ್ವಂತ ಗಾಯ ಕೆದಕುವ ದಾರಿ ಬಿಟ್ಟು ಕಲ್ಪನೆಯಿಂದ ಪಾತ್ರ ಕಟ್ಟುವುದನ್ನು ಕಲಿಸಿದರು. ಇದನ್ನು ಹೇಳದೆ ಮೆಥಡ್ ಕಲಿಸುವುದು ಈಜು ಕಲಿಸುತ್ತೇನೆ ಅಂತ ಹೇಳಿ ಬಾವಿಗೆ ನೂಕಿದ ಹಾಗೆ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ನಟರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಪ್ರಶ್ನೆ ಕೇಳಿದರು. ಮೊದಲು ನೀವಾಗಿ ಉತ್ತರ ಕೊಡಿ, ಆಮೇಲೆ ರೋಮಿಯೋ ಆಗಿ, ಇಲ್ಲವೇ ಜೂಲಿಯೆಟ್ ಆಗಿ ಕೊಡಿ ಅಂತ. ಪಾತ್ರವಾಗಿ ಉತ್ತರಿಸುವಾಗ, ತನ್ನ ಬಗ್ಗೆ ಯೋಚಿಸುವುದಕ್ಕೆ ಸಂಬಂಧಪಟ್ಟ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿತ್ತು. ನಮ್ಮ ಹಿರಿಯರ ಪದ ಬರೀ ಉಪಮೆಯಲ್ಲ ಅಂತ ನನಗೆ ಆಗ ಅನಿಸಿತು.

ಚಿತ್ರ ಮುಗಿದ ಮೇಲೆ ಕ್ಯಾರಿಗೆ ಏನಾಯಿತು? ತಾನು ಯಾರು, ತನ್ನ ಅಭಿಪ್ರಾಯಗಳೇನು ಅನ್ನುವುದೇ ನೆನಪಿರಲಿಲ್ಲ ಎಂದಿದ್ದಾರೆ. ಸ್ವಂತ ಬದುಕಿಗೆ ವಾಪಸ್ ಬಂದಾಗ ಬಿಟ್ಟು ಹೋಗಿದ್ದ ದುಃಖವೆಲ್ಲ ಅಲ್ಲೇ ಕಾದು ಕೂತಿತ್ತು. ಪಾತ್ರದಲ್ಲಿದ್ದಾಗ ಹಗುರ, ಮನೆಗೆ ಬಂದರೆ ಭಾರ. ಅಂದ ಮೇಲೆ ವಾಪಸ್ ಬರಲು ಯಾರಿಗೆ ಮನಸ್ಸಾಗುತ್ತದೆ ಹೇಳಿ? 2004ರಲ್ಲಿ ಟೀವಿ ಸಂದರ್ಶನದಲ್ಲಿ ತಮಗೆ ಖಿನ್ನತೆ ಇತ್ತು, ಮಾತ್ರೆ ತೆಗೆದುಕೊಂಡಿದ್ದೆ ಎಂದು ಬಾಯಿಬಿಟ್ಟು ಹೇಳಿದರು. ಜಗತ್ತನ್ನೇ ನಗಿಸುವ ಮನುಷ್ಯ ಅಷ್ಟು ಹೇಳಿದ್ದು ದೊಡ್ಡ ಧೈರ್ಯ.

ಇಲ್ಲಿಗೆ ಮಂತ್ರಿಗಳ ಮಾತು ಬರುತ್ತದೆ. ಹೆಣ ಸುಡಿ ಅಂದವರು. ಅವರು ಕೆಟ್ಟವರಲ್ಲ, ಗಮನಿಸಿ. ಅವರಿಗೆ ಆ ರಾಜ ಬಹಳ ಇಷ್ಟವಾಗಿದ್ದ. ಅಭಿಮಾನಿಗಳು ಅಂದರೆ ಅವರೇ. ನಾವೇ.

ನಾನು ಚಿಕ್ಕವನಿದ್ದಾಗ ಶರಣಬಸವೇಶ್ವರ ಜಾತ್ರೆಗೆ ನಾಟಕದ ಕಂಪನಿ ಬಂದು ಟೆಂಟು ಹೊಡೆಯುತ್ತಿತ್ತು. ಅದರಲ್ಲಿ ಒಬ್ಬ ಹಾಸ್ಯಪಾತ್ರದವರಿದ್ದರು. ಸೊಂಟ ತಿರುಗಿಸಿ ನಡೆಯುವುದಕ್ಕೇ ಜನ ಹುಚ್ಚಾಗುತ್ತಿದ್ದರು. ಬೆಳಗ್ಗೆ ಸುಸಲಾ ತಿನ್ನಲು ಹೋಟೆಲಿಗೆ ಬಂದರೆ ಹುಡುಗರು ಮುತ್ತಿಕೊಳ್ಳುತ್ತಿದ್ದೆವು. "ಮಾಮಾ, ಒಂದ್ ಸಲ ಹಂಗ ನಡೀರಿ." ಅವರು ತಟ್ಟೆ ಇಟ್ಟು ಎದ್ದು ನಡೆದು ತೋರಿಸುತ್ತಿದ್ದರು. ಒಂದು ದಿನ ಅವರಿಗೆ ಹೊಟ್ಟೆನೋವು ಬಂತು. ನೋವಿಗೆ ಬಗ್ಗಿಕೊಂಡೇ ದವಾಖಾನೆಗೆ ಹೋದರು. ಅವರು ಬಗ್ಗಿ ನಡೆದು ಬಂದದ್ದನ್ನು ನೋಡಿ ಅಲ್ಲಿದ್ದವರೆಲ್ಲ ನಕ್ಕರಂತೆ. ಚೀಟಿ ಬರೆಯುವವನೂ ನಕ್ಕ. ನೋವು ಅಂತ ನಂಬಿಸಲು ಬಹಳ ಹೊತ್ತು ಹಿಡಿಯಿತು ಎಂದು ಅವರೇ ನಮ್ಮಪ್ಪನ ಹತ್ತಿರ ಹೇಳಿದ್ದರು. ಅದನ್ನು ಹೇಳುವಾಗಲೂ ನಮ್ಮಪ್ಪ ನಕ್ಕುಬಿಟ್ಟರು. ಹೆಸರು ಬಂದ ಹಾಸ್ಯಗಾರನ ಸಂಕಟ ಅಂದರೆ ನನಗೆ ನೆನಪಾಗುವುದು ಇದು.

ಹಾಗಂತ ನಗಿಸುವವರೆಲ್ಲ ಒಳಗೆ ಅಳುತ್ತಿರುತ್ತಾರೆ ಅಂತ ಸಿನಿಮಾ ಡೈಲಾಗಿನ ಹಾಗೆ ತೀರ್ಮಾನ ಮಾಡಬೇಡಿ. ಹಾಲಿವುಡ್ಡಿನ ಹಾಸ್ಯನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡಾಗ ಎಲ್ಲರೂ ಹಾಗೇ ಬರೆದರು. ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಬೇರೆ. ಅವರಿಗೆ ಲೂಯಿ ಬಾಡಿ ಎಂಬ ಮಿದುಳಿನ ಕಾಯಿಲೆ ಗಟ್ಟಿಯಾಗಿ ಹಿಡಿದಿತ್ತು. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಿಟನ್ನಿನ ಸಂಶೋಧಕರು 523 ಹಾಸ್ಯ ಕಲಾವಿದರಿಗೆ ಪ್ರಶ್ನಾವಳಿ ಕೊಟ್ಟು ನೋಡಿದರು. ಒಬ್ಬನೇ ಮನುಷ್ಯನಲ್ಲಿ ಎರಡು ಎದುರು ಬದುರು ಗುಣ ಜಾಸ್ತಿ ಕಂಡವು. ಜನರಿಂದ ದೂರ ಸರಿದು ಮಂಕಾಗಿ ಕೂರುವ ಸ್ವಭಾವ ಒಂದು, ತಡೆಯಿಲ್ಲದೆ ಜನರ ನಡುವೆ ನುಗ್ಗುವ ಸ್ವಭಾವ ಇನ್ನೊಂದು. ನಟರಲ್ಲಿ ಮೊದಲನೆಯದು ಹಾಗೆ ಕಾಣಲಿಲ್ಲ. ಇದು ಸ್ವಭಾವದ ಮಾತು, ಕಾಯಿಲೆಯ ಮಾತಲ್ಲ. ಆದರೆ ನುಗ್ಗುವವನನ್ನು ಮಾತ್ರ ಕಂಡ ನಮಗೆ ಮಂಕಾಗಿ ಕೂತವನು ಕಾಣುವುದಿಲ್ಲ. ಅದಕ್ಕೇ ಎಚ್ಚರ ಬೇಕು.

ಈಗ ನನ್ನದೇ ತಪ್ಪು ಹೇಳುತ್ತೇನೆ. ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಹಲವು ವರ್ಷದ ಹಿಂದೆ ಒಂದು ಕಾಲೇಜಿನ ಹುಡುಗರಿಗೆ ಸ್ಪರ್ಧೆಗಾಗಿ ನಾಟಕ ಕಲಿಸುತ್ತಿದ್ದೆ. ಸೇಡಂ ಕಡೆಯ ಒಬ್ಬ ಹುಡುಗ ಇದ್ದ. ಹಾಸ್ಟೆಲಿಗೇ ನಗೆ ಹಂಚುವವನು. ಲೆಕ್ಚರರ ದನಿ, ಕಂಡಕ್ಟರ ದನಿ, ಎಲ್ಲ ಮಾಡುತ್ತಿದ್ದ. ಅವನಿಗೆ ಮಗುವನ್ನು ಕಳೆದುಕೊಂಡ ರೈತನ ಪಾತ್ರ ಕೊಟ್ಟೆ. ತಾಲೀಮಿನಲ್ಲಿ ಪದೇ ಪದೇ ನಗು ಬರುತ್ತಿತ್ತು ಅವನಿಗೆ. ನಾನು ಸಿಟ್ಟು ಮಾಡಿ, "ಎಂಟು ದಿನ ಪಾತ್ರ ಬಿಟ್ಟು ಹೊರಗ ಬರಬ್ಯಾಡ. ಉಣ್ಣುವಾಗಲೂ ಅವನೇ ಆಗಿರು" ಅಂದೆ. ಹೊಕ್ಕುಬಿಟ್ಟ. ಬಹುಮಾನ ಬಂತು. ಶಾಲು ಹಾಕಿಸಿಕೊಂಡೆವು, ಫೋಟೋ ತೆಗೆಸಿಕೊಂಡೆವು. ಹೊರಗೆ ಬಾ ಅಂತ ನಾನು ಹೇಳಲೇ ಇಲ್ಲ. ಹೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮೂರು ವಾರದ ಮೇಲೆ ಅವನ ರೂಮಿನ ಹುಡುಗ ಬಂದ. "ಸರ್, ಅವ ಊಟಕ್ಕ ಬರವಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡಿರ್ತಾನ." ನಾವು ನಾಲ್ಕು ಜನ ಹೋದೆವು. ನಮ್ಮನ್ನು ನೋಡಿದ್ದೇ ತಡ, ಹುಡುಗ ಎದ್ದು ಕೂತ. ಕಣ್ಣು ಒರೆಸಿಕೊಂಡ. ಆಮೇಲೆ ನನ್ನದೇ ದನಿಯಲ್ಲಿ, ನನ್ನದೇ ಹಾಗೆ ಬೆರಳು ತೋರಿಸುತ್ತಾ, "ತಾಲೀಮಿಗೆ ಯಾಕ ತಡಾ?" ಅಂತ ಮಾಡಿ ತೋರಿಸಿದ. ಅಷ್ಟು ಚೆನ್ನಾಗಿ ಮಾಡಿದ! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಏನೂ ಆಗಿಲ್ಲ ಬಿಡು ಅಂತ ಚಹಾ ಕುಡಿದು ವಾಪಸ್ ಬಂದೆವು.

ರೂಮಿನ ಹುಡುಗ ಮಾತ್ರ ನಕ್ಕಿರಲಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದ. ಆ ರಾತ್ರಿ ಅವನೇ ಸೇಡಂಗೆ ಫೋನ್ ಮಾಡಿ ಅಕ್ಕನನ್ನು ಕರೆಸಿದ. ಆಕೆ ಬಂದು ತಮ್ಮನನ್ನು ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಆ ವರ್ಷ ಅವನ ಓದು ನಿಂತಿತು. ಗುಣವಾಗಲು ಬಹಳ ತಿಂಗಳು ಬೇಕಾಯಿತು. ಈಗ ಅಂಗಡಿ ಇಟ್ಟುಕೊಂಡಿದ್ದಾನೆ, ಮದುವೆಯಾಗಿದೆ. ನನ್ನ ಮಾತಿನಿಂದಲೇ ಹಾಗಾಯಿತು ಅಂತ ವೈದ್ಯರು ಹೇಳಲಿಲ್ಲ. ಅವನೊಳಗೆ ಮೊದಲೇ ಏನೋ ಇದ್ದಿರಬಹುದು. ಆದರೆ ಅವನನ್ನು ಒಳಗೆ ಕಳಿಸಿ ಗುಹೆಯ ಬಾಗಿಲಿಂದ ಎದ್ದು ಹೋದವನು ನಾನು.

ನಮ್ಮ ದೊಡ್ಡಾಟದವರಿಗೆ ಇದು ಗೊತ್ತಿತ್ತು ಅನಿಸುತ್ತದೆ. ಹಳದಿ ಅರದಾಳ, ಕೆಂಪು ಇಂಗಳೀಕ, ಬಿಳಿ ಸಫೇತ, ಕಾಡಿಗೆ ಹಚ್ಚಿ ರಾತ್ರಿಯಿಡೀ ರಾಕ್ಷಸನಾಗಿ ಕುಣಿದವನು ಬೆಳಗಿನ ಜಾವ ಮಂಗಳ ಹಾಡದೆ ಆಟ ಮುಗಿಸುವುದಿಲ್ಲ. ಮಂಗಳ ಆದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ. ಇಂಗಳೀಕ ಬೇಗ ಬಿಡುವುದಿಲ್ಲ. ಕಿವಿಯ ಹಿಂದೆ, ಹುಬ್ಬಿನ ಸಂದಿಯಲ್ಲಿ ಕೂತಿರುತ್ತದೆ. ಹಾಗಾಗಿ ಒಬ್ಬರ ಮುಖ ಇನ್ನೊಬ್ಬರು ಒರೆಸಬೇಕು. ಹಗಲುವೇಷದವರೂ ಅಷ್ಟೇ. ನಮ್ಮೂರಿಗೆ ಬರುತ್ತಿದ್ದವರು ದಿನಕ್ಕೊಂದು ವೇಷ ಹಾಕಿ ಮನೆ ಮನೆಗೆ ಹೋಗುತ್ತಿದ್ದರು. ಕೊನೆಯ ದಿನ ವೇಷವಿಲ್ಲದೆ, ಸಾದಾ ಅಂಗಿ ಧೋತರದಲ್ಲಿ ಬಂದು ಜೋಳ, ದುಡ್ಡು ಕೇಳುತ್ತಿದ್ದರು. ನಿನ್ನೆಯವರೆಗೆ ಭೀಮನಾಗಿದ್ದವನು ನಮ್ಮವ್ವನ ಹತ್ತಿರ ನೀರು ಕೇಳಿ ಕುಡಿದು, ಮಕ್ಕಳ ಸುದ್ದಿ ಮಾತಾಡಿ ಹೋಗುತ್ತಿದ್ದ. ಊರು ಅವನನ್ನು ಅವನಾಗಿಯೇ ಕಂಡು ಕಳಿಸುತ್ತಿತ್ತು.

ಹೆಸರು ಮಾಡಿದ ನಟನಿಗೆ ಆ ಕೊನೆಯ ದಿನ ಬರುವುದೇ ಇಲ್ಲ. ಇವತ್ತು ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ರೀಲ್ಸ್ ಮಾಡುವ ಹುಡುಗನಿಗೂ ಅದೇ ಗತಿ. ಆಳಂದದಲ್ಲಿ ಕೂತು ಮಾಡಿದ ಅರ್ಧ ನಿಮಿಷದ ನಗೆಯ ವಿಡಿಯೋ ಓಡಿತು ಅಂದರೆ ಮರುದಿನವೇ ಇನ್ನೊಂದು ಬೇಕು. ಅವನು ಬೂಟು ಹಾಕಿಕೊಂಡೇ ಮಲಗುತ್ತಾನೆ.

ಮನೆಯವರಿಗೆ ಒಂದು ಮಾತು. ನಗಿಸುವ ಮಗ, ನಗಿಸುವ ಮಗಳು ಎರಡು ವಾರ ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ, ಯಾರನ್ನೂ ಸೇರದೆ ಇದ್ದರೆ ಕಾಯಬೇಡಿ. ನಿಮ್ಮೆದುರು ನಕ್ಕು ತೋರಿಸಿದರೂ ಕಾಯಬೇಡಿ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. 2022ರಿಂದ ಸರ್ಕಾರ ನಡೆಸುತ್ತಿದೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಕೊಟ್ಟರೆ ನಡುವೆ ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಈ ಶಿಬಿರದಲ್ಲಿ ನಾವು ಒಂದು ರೂಢಿ ಹಾಕಿಕೊಂಡೆವು. ತಾಲೀಮು ಮುಗಿದ ಮೇಲೆ ಕಾಲು ಗಂಟೆ ಯಾರೂ ಎದ್ದು ಹೋಗುವ ಹಾಗಿಲ್ಲ. ಮುಖ ತೊಳೆಯಬೇಕು. ಜೊತೆಯವರು ನಿಮ್ಮನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಬೇಕು. ಇವತ್ತು ಏನು ಉಂಡೆ, ಊರಿಗೆ ಯಾವ ಬಸ್ಸು, ಇಂಥದ್ದೇ ಮಾತು. ಮೊದಲ ದಿನ ನಿಮಗೆ ಬೇಜಾರಾಗಿತ್ತು, ನನಗೆ ಗೊತ್ತು.

ನಿನ್ನೆ ಆ ತಂದೆ ನನ್ನ ಕೈ ಹಿಡಿದು ನಿಂತಾಗ ನಾನು ಅವರ ಭುಜದ ಮೇಲಿಂದ ಬಣ್ಣದ ಮನೆಯ ಕಡೆ ನೋಡುತ್ತಿದ್ದೆ. ಅವರ ಹುಡುಗ ಸ್ಟೂಲಿನ ಮೇಲೆ ಕೂತಿದ್ದ. ಇನ್ನೂ ಪಾತ್ರದ ಬಿರುಸು ಮುಖದಲ್ಲಿತ್ತು. ಅವನ ಅಕ್ಕ ಅಂಗೈಗೆ ಎಣ್ಣೆ ಸುರಿದುಕೊಂಡು, ಹಳೆಯ ಬನಿಯನ್ನಿನ ತುಂಡಿನಿಂದ ಅವನ ಹಣೆ ಒರೆಸುತ್ತಿದ್ದಳು. "ಏ ತಮ್ಮಾ, ಕಣ್ಣ ಮುಚ್ಚು, ಎಣ್ಣಿ ಹೋದೀತು" ಅಂದಳು. ಅವನು ಕಣ್ಣು ಮುಚ್ಚಿದ. "ಯವ್ವಾ, ಹಸಿವಾಗೇದ" ಅಂದ.